ಉಳಿದ ಜಾಗಕ್ಕೆ ಪೆಟ್ರೋಲ್ ಟ್ಯಾಂಕ್

ಈಗಷ್ಟೇ ಮನೆಗೆ ಬಂದಿದ್ದೇನೆ. ಊಟಕ್ಕೆ ಕೂರುವ ಮನಸ್ಸಾಗದೆ ಇದನ್ನು ಬರೆಯುತ್ತಿದ್ದೇನೆ. ಡೆಟ್ರಾಯಿಟ್‌ನ ಉತ್ತರಕ್ಕೆ, ನಮ್ಮ ಮನೆಯಿಂದ ಹತ್ತು ನಿಮಿಷದ ದೂರದಲ್ಲಿರುವ ಅಂಗಡಿ ಸಾಲಿನ ಮುಂದೆ ಬೇಸಿಗೆಯ ಪ್ರತಿ ಶನಿವಾರ ಸಂಜೆ ಹಳೆಯ ಕಾರುಗಳು ಸೇರುತ್ತವೆ ಎಂಬುದು ನನ್ನ ಬರಹಗಳನ್ನು ಓದುವ ನಿಮಗೆ ಗೊತ್ತೇ ಇದೆ. ಇವತ್ತು ಅಲ್ಲಿಗೆ ಒಂದು ಟಿ-ಬಕೆಟ್ ಬಂದಿತ್ತು. ಫೋರ್ಡ್ ಮಾಡೆಲ್ ಟಿ ಕಾರಿನ ಚಾವಣಿ, ಮಡ್‌ಗಾರ್ಡ್, ಬಾನೆಟ್ ಎಲ್ಲವನ್ನೂ ಬಿಟ್ಟು, ಇಬ್ಬರು ಕೂರುವ ಬಕೆಟ್‌ನಂಥ ಬಾಡಿಯನ್ನಷ್ಟೇ ಉಳಿಸಿಕೊಂಡು, ಮುಂದೆ ದೊಡ್ಡ ವಿ8 ಎಂಜಿನ್ ಕೂರಿಸಿ ಮನೆಯ ಗ್ಯಾರೇಜಿನಲ್ಲೇ ಕಟ್ಟುವ ಹಾಟ್ ರಾಡ್ ಅದು. ಕಟ್ಟಿದವರು ಎಪ್ಪತ್ತು ದಾಟಿದ ಸಜ್ಜನರು. ಅವರ ವೆಲ್ಡಿಂಗ್ ಕೆಲಸ ಕಣ್ಣಿಗೆ ಹಬ್ಬವಾಗಿತ್ತು. ಅದನ್ನು ನೋಡುತ್ತ ನೋಡುತ್ತ ಹಿಂಭಾಗಕ್ಕೆ ಬಂದವನು ಅಲ್ಲೇ ನಿಂತುಬಿಟ್ಟೆ.

ಹಿಂದಿನ ಅಚ್ಚನ್ನೂ ದಾಟಿ, ಚಾಸಿಸ್‌ನ ತುತ್ತತುದಿಯಲ್ಲಿ, ಸ್ಟೀಲಿನ ಬಿಯರ್ ಪೀಪಾಯಿಯೊಂದನ್ನು ಅಡ್ಡಲಾಗಿ ಮಲಗಿಸಿ ಎರಡು ಪಟ್ಟಿಗಳಿಂದ ಬಿಗಿದಿದ್ದರು. ಅದೇ ಪೆಟ್ರೋಲ್ ಟ್ಯಾಂಕ್. ಆ ಅಳತೆಯ ಪೀಪಾಯಿಗೆ 15.5 ಗ್ಯಾಲನ್, ಅಂದರೆ 58 ಲೀಟರಿಗೂ ಸ್ವಲ್ಪ ಹೆಚ್ಚು ಹಿಡಿಸುತ್ತದೆ. ಅದರ ಹಿಂದೆ ಬಂಪರ್ ಇರಲಿಲ್ಲ, ಅಡ್ಡಗಟ್ಟಿದ ಒಂದು ಪೈಪ್ ಕೂಡ ಇರಲಿಲ್ಲ. ನಂಬರ್ ಪ್ಲೇಟನ್ನೇ ಆ ಪೀಪಾಯಿಗೆ ಕಟ್ಟಿದ್ದರು. ನಾನು ನೋಡುತ್ತಿದ್ದಂತೆಯೇ ಒಬ್ಬ ತಂದೆ ತನ್ನ ಇಬ್ಬರು ಮಕ್ಕಳನ್ನು ಎತ್ತಿ ಸೀಟಿನ ಮೇಲೆ ಕೂರಿಸಿ ಫೋಟೊ ತೆಗೆದ. ಯಜಮಾನರು ಪ್ರೀತಿಯಿಂದ, ಬನ್ನಿ, ಒಂದು ಸುತ್ತು ಹೊಡೆಸಿಕೊಂಡು ಬರುತ್ತೇನೆ ಎಂದು ಎಂಜಿನ್ ಚಾಲು ಮಾಡಿ ರಸ್ತೆಗಿಳಿದರು. ಅವರು ಮರಳಿ ಬರುವವರೆಗಿನ ಆ ಹತ್ತು ನಿಮಿಷ ನಾನು ಹೇಗೆ ಕಳೆದೆನೆಂದು ಹೇಳಲಾರೆ.

ಕಾರನ್ನು ಗೋಡೆಗೆ ಗುದ್ದಿಸಿ, ಎಷ್ಟು ಇಂಧನ ಸೋರಿತೆಂದು ಅಳೆಯುವುದು ಹತ್ತೊಂಬತ್ತು ವರ್ಷಗಳಿಂದ ನನ್ನ ಅನ್ನದ ಕೆಲಸ. ಹಾಗಾಗಿ ಟ್ಯಾಂಕ್ ಎಂದರೆ ನನಗೆ ಡಬ್ಬಿಯಲ್ಲ, ಗ್ರಾಂ ಲೆಕ್ಕ. ಅಮೆರಿಕದ 301ನೇ ಸುರಕ್ಷತಾ ಮಾನದಂಡದ ಪ್ರಕಾರ, ಗುದ್ದಿದ ಕ್ಷಣದಿಂದ ಕಾರು ನಿಲ್ಲುವವರೆಗೆ 28 ಗ್ರಾಂ, ನಿಂತ ಮೇಲಿನ ಐದು ನಿಮಿಷಗಳಲ್ಲಿ ಒಟ್ಟು 142 ಗ್ರಾಂ, ಆಮೇಲೆ ನಿಮಿಷಕ್ಕೆ 28 ಗ್ರಾಂ, ಇದಕ್ಕಿಂತ ಹೆಚ್ಚು ಸೋರಿದರೆ ಆ ಕಾರು ತೇರ್ಗಡೆಯಾಗುವುದಿಲ್ಲ. ಟ್ಯಾಂಕನ್ನು ಶೇಕಡ 90ರಿಂದ 95ರಷ್ಟು ಪೆಟ್ರೋಲಿನ ಬದಲಿ ದ್ರವದಿಂದ ತುಂಬಿಸಿ, 1,368 ಕಿಲೊ ತೂಕದ ಬಂಡಿಯನ್ನು ಗಂಟೆಗೆ 80 ಕಿಲೊಮೀಟರ್ ವೇಗದಲ್ಲಿ ಕಾರಿನ ಹಿಂಭಾಗಕ್ಕೆ ಅಪ್ಪಳಿಸುತ್ತೇವೆ. ಆಮೇಲೆ ನಜ್ಜುಗುಜ್ಜಾದ ಆ ಕಾರನ್ನು ಚೌಕಟ್ಟಿಗೆ ಕಟ್ಟಿ, ತೊಂಬತ್ತು ತೊಂಬತ್ತು ಡಿಗ್ರಿಯಂತೆ ಉರುಳಿಸುತ್ತ ಕೆಳಗೆ ಪಾತ್ರೆ ಹಿಡಿದು ಕಾಯುತ್ತೇವೆ. ಒಂದು ಹನಿ ಬಿದ್ದರೂ ಅದು ಎಲ್ಲಿಂದ ಬಿತ್ತೆಂದು ವಾರಗಟ್ಟಲೆ ಹುಡುಕುತ್ತೇವೆ. ಕಾರ್ಖಾನೆಯ ಕಾರಿಗೆ ಇಷ್ಟೆಲ್ಲ ಇದೆ. ಗ್ಯಾರೇಜಿನಲ್ಲಿ ಕಟ್ಟಿದ ಕಾರನ್ನು ಹೀಗೆ ಯಾರೂ ಅಪ್ಪಳಿಸಿ ನೋಡುವುದಿಲ್ಲ. ಆದ್ದರಿಂದ ಆ ಹೊಣೆ ಪೂರ್ತಿಯಾಗಿ ಕಟ್ಟುವವನ ಮೇಲೆಯೇ ಬೀಳುತ್ತದೆ.

ನನ್ನ ತಕರಾರು ಪೀಪಾಯಿಯ ಮೇಲಲ್ಲ, ಕಟ್ಟುವ ಕ್ರಮದ ಮೇಲೆ. ಎಂಜಿನ್ ಎಲ್ಲಿ ಕೂರಬೇಕು, ಗಾಡಿ ನೆಲಕ್ಕೆ ಎಷ್ಟು ತಗ್ಗಬೇಕು, ಹಿಂದಿನ ಚಕ್ರ ಎಷ್ಟು ಅಗಲವಿರಬೇಕು, ಸೈಲೆನ್ಸರ್ ಪೈಪ್ ಯಾವ ಕಡೆಯಿಂದ ಹೊರಬರಬೇಕು, ಇಷ್ಟೂ ಮುಗಿದ ಮೇಲೆ ಉಳಿದ ಜಾಗಕ್ಕೆ ಟ್ಯಾಂಕ್ ಬರುತ್ತದೆ. ನಮ್ಮೂರಿನಲ್ಲಿ ಮನೆ ಕಟ್ಟುವವರು ಪಾಯ ತೋಡುವುದಕ್ಕೂ ಮೊದಲೇ ಒಲೆ ಆಗ್ನೇಯ ಮೂಲೆಗೆ ಎಂದು ಗೆರೆ ಎಳೆಯುತ್ತಾರೆ. ವಾಸ್ತುವನ್ನು ನಂಬುವುದು ಬಿಡುವುದು ಬೇರೆ ಮಾತು. ಬೆಂಕಿಯ ಜಾಗವನ್ನು ಗೊತ್ತುಮಾಡಿಕೊಂಡು ಮಿಕ್ಕದ್ದನ್ನು ಅದರ ಸುತ್ತ ಹೊಂದಿಸುವ ಆ ಕ್ರಮವನ್ನು ನಾನು ಗೌರವಿಸುತ್ತೇನೆ. ಮೂರು ಚಳಿಗಾಲ ಕೂತು ಕಾರು ಕಟ್ಟುವ ಜಾಣರು ಐವತ್ತೆಂಟು ಲೀಟರ್ ಪೆಟ್ರೋಲಿನ ಜಾಗವನ್ನು ಕೊನೆಯ ವಾರದಲ್ಲಿ ಯೋಚಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಳೆಯ ಕಾಲದವರು ಹೀಗೆ ಮಾಡಲಿಲ್ಲ. ಮಾಡೆಲ್ ಟಿ ಕಾರಿನಲ್ಲಿ ಬಹುಕಾಲ ಟ್ಯಾಂಕ್ ಇದ್ದದ್ದು ಮುಂದಿನ ಸೀಟಿನ ಕೆಳಗೆ. 1928ರಿಂದ 1931ರವರೆಗಿನ ಮಾಡೆಲ್ ಎ ಕಾರಿನಲ್ಲಿ ಅದು ಮುಂಗಾಜಿನ ಕೆಳಗೆ, ಕೂತವರ ಮೊಣಕಾಲಿನ ನೇರಕ್ಕೆ ಬಂತು. ಎರಡೂ ಇಂದಿನ ಕಣ್ಣಿಗೆ ಭಯಂಕರವೇ. ಆದರೆ ಅದಕ್ಕೊಂದು ಕಾರಣವಿತ್ತು: ಆ ಕಾರುಗಳಲ್ಲಿ ಇಂಧನದ ಪಂಪ್ ಇರಲಿಲ್ಲ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕಾರ್ಬ್ಯುರೇಟರಿಗೆ ಇಳಿಯಬೇಕಿತ್ತು. ಕಡಿದಾದ ಏರಿನಲ್ಲಿ ಟಿ ಕಾರಿನ ಟ್ಯಾಂಕ್ ಎಂಜಿನ್‌ಗಿಂತ ಕೆಳಗಾಗಿ ಪೆಟ್ರೋಲ್ ಮುಂದಕ್ಕೆ ಹರಿಯದೆ, ಜನ ರಿವರ್ಸ್ ಗೇರಿನಲ್ಲಿ ಹಿಂದುಹಿಂದಾಗಿ ಬೆಟ್ಟ ಹತ್ತುತ್ತಿದ್ದರು. 1932ರಲ್ಲಿ ಪಂಪ್ ಬಂದೊಡನೆ ಫೋರ್ಡ್ ಟ್ಯಾಂಕನ್ನು ಕಾರಿನ ಹಿಂಭಾಗಕ್ಕೆ ಸಾಗಿಸಿತು. ಪಂಪ್ ಇರುವ ಇಂದು ಟ್ಯಾಂಕನ್ನು ನಮಗೆ ಬೇಕಾದಲ್ಲಿ ಇಡಬಹುದು. ಆ ಸ್ವಾತಂತ್ರ್ಯ ಕೈಯಲ್ಲಿದ್ದೂ ನಾವು ಆರಿಸಿಕೊಳ್ಳುವುದು ಉಳಿದ ಜಾಗವನ್ನು.

ಟಿ-ಬಕೆಟ್‌ಗಳ ಮೂತಿಯಲ್ಲಿ, ರೇಡಿಯೇಟರ್‌ಗೂ ಮುಂದೆ ಕೂರಿಸುವ ದುಂಡನೆಯ ಅಲ್ಯುಮಿನಿಯಂ ಟ್ಯಾಂಕನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಹಾಟ್ ರಾಡ್‌ಗಳ ಬಿಡಿಭಾಗ ಮಾಡುತ್ತಿದ್ದ ಕ್ಯಾಲಿಫೋರ್ನಿಯಾದ ಡೀನ್ ಮೂನ್ ಹೆಸರಿನಿಂದ ಅದನ್ನು ಮೂನ್ ಟ್ಯಾಂಕ್ ಎನ್ನುತ್ತಾರೆ. ನೆಟ್ಟಗಿನ ಕಿರುದಾರಿಯಲ್ಲಿ ಓಡುವ ಡ್ರ್ಯಾಗ್ ರೇಸಿನಲ್ಲಿ ಅದಕ್ಕೊಂದು ಅರ್ಥವಿದೆ: ಗಾಡಿ ಚಿಮ್ಮಿದಾಗ ಇಂಧನ ತಾನಾಗಿಯೇ ಹಿಂದಿನ ಎಂಜಿನ್ ಕಡೆಗೆ ನುಗ್ಗುತ್ತದೆ, ಮುಂಭಾಗಕ್ಕೆ ಸ್ವಲ್ಪ ಭಾರವೂ ಸಿಗುತ್ತದೆ, ಎದುರಿನಿಂದ ಯಾರೂ ಬರುವುದಿಲ್ಲ. ಊರಿನ ರಸ್ತೆಯಲ್ಲಿ ಎದುರಿನಿಂದ ಎಲ್ಲರೂ ಬರುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇವತ್ತು ಆ ಯಜಮಾನರ ಬಾಯಿಂದಲೇ ಕೇಳಿದೆ. ಪೀಪಾಯಿಯನ್ನು ತಟ್ಟಿ ತೋರಿಸಿ, ಇದು ಕಾರ್ಖಾನೆಯ ಟ್ಯಾಂಕಿಗಿಂತ ಗಟ್ಟಿ, ಒಡೆಯುವುದಿಲ್ಲ ಎಂದರು. ಇರಬಹುದು. ಆದರೆ ಟ್ಯಾಂಕ್ ಬಲೂನಿನಂತೆ ಸಿಡಿಯುವುದನ್ನು ನನ್ನ ಕೆಲಸದಲ್ಲಿ ನಾನು ನೋಡಿದ್ದು ತೀರಾ ಕಡಿಮೆ. ಟ್ಯಾಂಕ್ ಜರುಗುತ್ತದೆ, ಅದಕ್ಕೆ ಕಟ್ಟಿದ ಹೋಸ್ ಜರುಗುವುದಿಲ್ಲ. ಎರಡೂ ಸೇರುವ ಜಾಗ ಕಿತ್ತುಬರುತ್ತದೆ. ಇಲ್ಲವೇ ಟ್ಯಾಂಕ್ ಹೋಗಿ ಯಾವುದೋ ಬೋಲ್ಟಿನ ತುದಿಗೆ ಚುಚ್ಚಿಕೊಳ್ಳುತ್ತದೆ. ಫೋರ್ಡ್ ಪಿಂಟೊ ಕಾರಿನ ದುರಂತ ಕಥೆಯೂ ಇದೇ. ಅದರ ಟ್ಯಾಂಕ್ ಹಿಂದಿನ ಅಚ್ಚಿಗೂ ಬಂಪರಿಗೂ ನಡುವೆ ಇತ್ತು. ಹಿಂದಿನಿಂದ ಗುದ್ದಿದಾಗ ಅದು ಮುಂದಕ್ಕೆ ಸರಿದು ಅಚ್ಚಿನ ನಡುವಿನ ಗೇರುಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಬೋಲ್ಟುಗಳಿಗೆ ತಾಗಿ ತೂತಾಗುತ್ತಿತ್ತು, ಪೆಟ್ರೋಲ್ ತುಂಬಿಸುವ ಕೊಳವೆ ಟ್ಯಾಂಕಿನಿಂದ ಕಳಚಿಕೊಳ್ಳುತ್ತಿತ್ತು. 1972ರಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ಕೆಟ್ಟು ನಿಂತ ಪಿಂಟೊ ಒಂದಕ್ಕೆ ಹಿಂದಿನ ಕಾರು ಗುದ್ದಿ, ಓಡಿಸುತ್ತಿದ್ದ ಮಹಿಳೆ ತೀರಿಕೊಂಡರು. ಜೊತೆಗಿದ್ದ 13 ವರ್ಷದ ಹುಡುಗ ಭೀಕರ ಸುಟ್ಟಗಾಯಗಳೊಂದಿಗೆ ಬದುಕಿದ. 1978ರಲ್ಲಿ ಕಂಪನಿ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಿ ಮಾಡಿದ ರಿಪೇರಿ ಏನು ಗೊತ್ತೇ? ಟ್ಯಾಂಕಿನ ಮುಂದೆ ಒಂದು ಪ್ಲಾಸ್ಟಿಕ್ ಗುರಾಣಿ, ಉದ್ದವಾದ ಕೊಳವೆ, ಉತ್ತಮ ಸೀಲ್. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗಾಯಿತು.

ರೇಸಿನವರೂ ಸಾವು ಕಂಡೇ ಕಲಿತರು. 1964ರ ಮೇ 24ರಂದು ಷಾರ್ಲೆಟ್‌ನ ಟ್ರ್ಯಾಕ್‌ನಲ್ಲಿ ಫೈರ್‌ಬಾಲ್ ರಾಬರ್ಟ್ಸ್ ಬೆಂಕಿಗೆ ಸಿಕ್ಕಿ, ಜುಲೈಯಲ್ಲಿ ತೀರಿಕೊಂಡರು. ಮೇ 30ರಂದು ಇಂಡಿಯಾನಾಪೊಲಿಸ್‌ನಲ್ಲಿ ಡೇವ್ ಮೆಕ್‌ಡೊನಾಲ್ಡ್ ಮತ್ತು ಎಡ್ಡಿ ಸ್ಯಾಕ್ಸ್ ಒಂದೇ ಬೆಂಕಿಯಲ್ಲಿ ಹೋದರು. ಗುದ್ದಿದರೆ ಹರಿಯದೆ ಬಗ್ಗುವ ರಬ್ಬರ್ ಚೀಲ, ಅದರೊಳಗೆ ಪೆಟ್ರೋಲ್ ಕುಲುಕದಂತೆ ಸ್ಪಂಜಿನಂಥ ಫೋಮ್, ಹೊರಗೆ ಲೋಹದ ಪೆಟ್ಟಿಗೆ, ಹೀಗಿರುವ ಫ್ಯೂಯೆಲ್ ಸೆಲ್ ರೇಸ್ ಕಾರುಗಳಲ್ಲಿ ನೆಲೆಯೂರಿದ್ದು ಆ ಬಳಿಕ. ಇಂದು ಅದೇ ಹೆಸರಿನಲ್ಲಿ ಚೀಲವೇ ಇಲ್ಲದ ಬರಿಯ ಪ್ಲಾಸ್ಟಿಕ್ ಪೆಟ್ಟಿಗೆಗಳು ಅಗ್ಗಕ್ಕೆ ಸಿಗುತ್ತವೆ. ಅದನ್ನು ಕಾರಿನ ಡಿಕ್ಕಿಯಲ್ಲಿ ನಾಲ್ಕು ಬೋಲ್ಟಿನಿಂದ ಕೂರಿಸಿ, ಸೀಟಿಗೂ ಅದಕ್ಕೂ ನಡುವೆ ಒಂದು ರಟ್ಟಿನ ಹಾಳೆ ಬಿಟ್ಟರೆ ಬೇರೇನೂ ಇಲ್ಲದೆ, ಆವಿ ಹೋಗುವ ಕೊಳವೆಯನ್ನೂ ಡಿಕ್ಕಿಯೊಳಗೇ ತೆರೆದಿಟ್ಟು, ನನ್ನ ಕಾರಿನಲ್ಲಿ ಫ್ಯೂಯೆಲ್ ಸೆಲ್ ಇದೆ ಎಂದು ಹೆಮ್ಮೆಪಡುವವರನ್ನು ಪ್ರತಿ ವಾರ ನೋಡುತ್ತೇನೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರುವುದಿಲ್ಲ, ತಗ್ಗು ಹುಡುಕಿ ಕೂರುತ್ತದೆ. ಡಿಕ್ಕಿಯ ತಳವೇ ಅಂಥ ತಗ್ಗು.

ಪಂಪಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹಳೆಯ ಯಾಂತ್ರಿಕ ಪಂಪ್ ಎಂಜಿನ್ ನಿಂತರೆ ತಾನೂ ನಿಲ್ಲುತ್ತಿತ್ತು. ಅದನ್ನು ತೆಗೆದು ವಿದ್ಯುತ್ ಪಂಪ್ ಹಾಕಿ, ಬರಿಯ ಒಂದು ಸ್ವಿಚ್ಚಿಗೆ ಕಟ್ಟಿದರೆ, ಕಾರು ಮಗುಚಿ ಹೋಸ್ ಹರಿದಿದ್ದರೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಗುದ್ದು ಬಿದ್ದೊಡನೆ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಗುಜರಿ ಅಂಗಡಿಯಲ್ಲೂ ಸಿಗುವ ವಸ್ತು. ಇವತ್ತಿನ ಕಾರಿನಲ್ಲಿ ಅದೂ ಇರಲಿಲ್ಲ.

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ನನ್ನ 1969ರ ಷೆವ್ರೊಲೆ ಪಿಕಪ್ ನಿಮಗೆಲ್ಲ ಗೊತ್ತು. ಆ ಕಾಲದ ಆ ಪಿಕಪ್‌ಗಳಲ್ಲಿ ಕಾರ್ಖಾನೆಯವರೇ ಟ್ಯಾಂಕನ್ನು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನ ಹಿಂದೆ ಇಟ್ಟಿದ್ದರು. ಎರಡು ಬೇಸಿಗೆ ನನ್ನ ಮಗಳನ್ನು ಅದೇ ಸೀಟಿನಲ್ಲಿ ಕೂರಿಸಿಕೊಂಡು ಓಡಾಡಿದ್ದೇನೆ. ಅಪ್ಪಾ, ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಹಳೆಯ ಗಾಡಿ ಎಂದರೆ ಹಾಗೆಯೇ ಕಂದಾ ಎಂದಿದ್ದೆ. ಹಗಲೆಲ್ಲ ಲ್ಯಾಬಿನಲ್ಲಿ ಗ್ರಾಂ ಲೆಕ್ಕ ಹಿಡಿಯುವವನು ಸಂಜೆ ಮಗಳ ಮಾತನ್ನು ತಳ್ಳಿಹಾಕಿದ್ದೆ. ಒಂದು ರಾತ್ರಿ ಸೀಟು ಬಿಚ್ಚಿ ನೋಡಿದರೆ, ತುಂಬಿಸುವ ಕೊಳವೆಯನ್ನು ಟ್ಯಾಂಕಿಗೆ ಜೋಡಿಸುವ ಗೇಣುದ್ದದ ರಬ್ಬರ್ ಹೋಸ್ ಒಣಗಿ, ಬೆರಳಿಟ್ಟರೆ ಉದುರುವಷ್ಟು ಬಿರುಕುಬಿಟ್ಟಿತ್ತು. ಆ ರಾತ್ರಿ ನಾನು ಗ್ಯಾರೇಜಿನ ನೆಲದ ಮೇಲೆ ಬಹಳ ಹೊತ್ತು ಕೂತಿದ್ದೆ. ಆಮೇಲೆ ಟ್ಯಾಂಕನ್ನು ಹಿಂದಿನ ಅಚ್ಚಿಗಿಂತ ಮುಂದೆ, ಚಾಸಿಸ್‌ನ ತೊಲೆಯ ಒಳಮಗ್ಗುಲಿಗೆ ತಂದೆ. ತೊಲೆಯ ಹೊರಗೆ ಇಡುವುದು ಸುಲಭವಿತ್ತು. ಆದರೆ 1973ರಿಂದ 1987ರವರೆಗೆ ಜನರಲ್ ಮೋಟಾರ್ಸ್ ಪಿಕಪ್‌ಗಳಲ್ಲಿ ಹಾಗೆ ಹೊರಗಿಟ್ಟ ಟ್ಯಾಂಕುಗಳು ಪಕ್ಕದಿಂದ ಗುದ್ದಿದಾಗ ಏನಾದವೆಂಬುದು ಕೋರ್ಟಿನ ದಾಖಲೆಗಳಲ್ಲೇ ಇದೆ. ಒಳಗೆ ತಂದದ್ದಕ್ಕೆ ಬೆಲೆ ತೆರಬೇಕಾಯಿತು. ಸೈಲೆನ್ಸರ್ ಪೈಪನ್ನು ಬಲಗಡೆಗೆ ತಿರುಗಿಸಬೇಕಾಯಿತು, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಅಚ್ಚಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕಳಚಿದರೂ ಟ್ಯಾಂಕಿಗೆ ಬಡಿಯದಂತೆ ಕಬ್ಬಿಣದ ಬಳೆ ತೊಡಿಸಬೇಕಾಯಿತು, ಟ್ಯಾಂಕಿನ ಅಳತೆ 20 ಗ್ಯಾಲನ್‌ನಿಂದ 16ಕ್ಕೆ ಇಳಿಯಿತು. ಒಂದು ಚಳಿಗಾಲ ಪೂರ್ತಿ ಹೋಯಿತು. ಟ್ಯಾಂಕಿನಿಂದಲೇ ಶುರುಮಾಡಿದ್ದರೆ ಎರಡು ವಾರದ ಕೆಲಸವಾಗಿತ್ತು.

ಇವೆಲ್ಲ ವಾರಕ್ಕೊಮ್ಮೆ ಹೊರಬರುವ ಗಾಡಿಗಳು, ಇಷ್ಟು ಹೆದರಬೇಕೇ ಎಂದು ಕೆಲವರು ಕೇಳುತ್ತಾರೆ. ಅವು ಹೊರಬರುವುದು ಎಲ್ಲಿಗೆ ಎಂದು ನೋಡಿ. ಆಗಸ್ಟ್‌ನ ಮೂರನೇ ಶನಿವಾರ, ಹಳೆಯ ಕಾರುಗಳ ವಾರ್ಷಿಕ ಮೆರವಣಿಗೆ ನಡೆಯುವಾಗ, ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ರಸ್ತೆಗೆ ಬನ್ನಿ: ಗಾಡಿಗೆ ಗಾಡಿ ಅಂಟಿ ನಿಂತಿರುತ್ತದೆ, ಓಡಿಸುವವರ ಕಣ್ಣು ರಸ್ತೆಯ ಮೇಲಿರುವುದಿಲ್ಲ, ಪಕ್ಕದ ಕಾರಿನ ಮೇಲಿರುತ್ತದೆ. ಒಂದು ಟನ್ನೂ ತೂಗದ ಟಿ-ಬಕೆಟ್ ಹಿಂದೆ ಎರಡು ಟನ್ನಿನ ಪಿಕಪ್, ನಡುವೆ ಒಂದು ಪೀಪಾಯಿ. ಬೈಕಿನವರು ಟ್ಯಾಂಕನ್ನು ತೊಡೆಸಂದಿಯಲ್ಲೇ ಇಟ್ಟುಕೊಳ್ಳುತ್ತಾರಲ್ಲ ಎನ್ನುವವರೂ ಇದ್ದಾರೆ. ಬೈಕಿನವನು ಬಿದ್ದರೆ ಟ್ಯಾಂಕಿನಿಂದ ದೂರ ಎಸೆಯಲ್ಪಡುತ್ತಾನೆ. ಬೆಲ್ಟ್ ಬಿಗಿದು ಬಕೆಟ್‌ನೊಳಗೆ ಕೂತವನಿಗೆ ಆ ದಾರಿಯಿಲ್ಲ. ಇನ್ನು, ಬೆಂಗಳೂರಿನ ಗೆಳೆಯರು ಕೆಲವರು, ನಮ್ಮಲ್ಲಿಯ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನಂತೆ ಅಲ್ಲಿಯೂ ಗಾಡಿ ಮಾರ್ಪಡಿಸುವುದನ್ನೇ ತಡೆಯಲಿ ಎನ್ನುತ್ತಾರೆ. ಬೇಡ. ಕಬ್ಬಿಣವನ್ನು ಕೈಯಾರೆ ಬಗ್ಗಿಸಿ ಗಾಡಿ ಕಟ್ಟುವ ಈ ಜನರನ್ನು ನಾನು ಪ್ರೀತಿಸುತ್ತೇನೆ, ಅವರ ಕೈ ಕಟ್ಟಿಹಾಕುವುದು ನನಗೆ ಬೇಕಿಲ್ಲ.

ಇವತ್ತು ಆ ಟಿ-ಬಕೆಟ್‌ನ ಯಜಮಾನರು ಮಕ್ಕಳನ್ನು ಸುರಕ್ಷಿತವಾಗಿ ಇಳಿಸಿದ ಮೇಲೆ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಧ್ವನಿ ಸ್ವಲ್ಪ ಏರಿತ್ತು, ಅದಕ್ಕೆ ಕ್ಷಮೆಯನ್ನೂ ಕೇಳಿದೆ. ಮೊದಲು ಅವರ ಮುಖ ಬಿಗಿಯಿತು. ಆಮೇಲೆ ಬಗ್ಗಿ ಆ ಪೀಪಾಯಿಯ ತಳಕ್ಕೆ ಹೋದ ಹೋಸನ್ನು ತಾವೇ ಒಮ್ಮೆ ಎಳೆದು ನೋಡಿದರು. ಒಂದೇ ಕ್ಲಾಂಪಿನ ಮೇಲೆ ನಿಂತಿತ್ತು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ನನ್ನ ಮೊಮ್ಮಗಳೂ ಇದರಲ್ಲಿ ಕೂರುತ್ತಾಳೆ ಎಂದರು.

ಮುಂದಿನ ಶನಿವಾರ ಅವರ ಗ್ಯಾರೇಜಿಗೆ ಹೋಗುತ್ತಿದ್ದೇನೆ. ಸೀಟಿನ ಹಿಂದೆ, ಅಚ್ಚಿನ ನೇರ ಮೇಲೆ, ಎರಡು ತೊಲೆಗಳ ನಡುವೆ ಎಂಟು ಗ್ಯಾಲನ್‌ನ ಚೀಲವಿರುವ ಸೆಲ್ ಹಿಡಿಸಬಹುದೆಂದು ನನಗೆ ಅನಿಸುತ್ತದೆ. ಸೀಟಿಗೂ ಅದಕ್ಕೂ ನಡುವೆ ಉಕ್ಕಿನ ತಗಡಿನ ಗೋಡೆ, ಹಿಂದೆ ಒಂದು ಪೈಪಿನ ಅಡ್ಡಗಟ್ಟು ಬೇಕು. ಪೀಪಾಯಿ ಅಲ್ಲಿಯೇ ಇರಲಿ, ಖಾಲಿಯಾಗಿ. ಅಲ್ಲಿಯವರೆಗೆ ಗಾಡಿ ಹೊರತೆಗೆಯುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದಾರೆ.