ದಾವಣಗೆರೆಗೆ ವಿಮಾನ ಕೇಳುವ ಮುಂಚೆ ಕ್ಯಾಪ್ಟನ್ ಗೋಪಿನಾಥರ ಲೆಕ್ಕ ನೋಡಿ

ಬಜೆಟ್ ಹತ್ತಿರ ಬಂತೆಂದರೆ ದಾವಣಗೆರೆಗೆ ವಿಮಾನ ನಿಲ್ದಾಣ ಬೇಕೆನ್ನುವ ಪೋಸ್ಟ್‌ಗಳು ಶುರುವಾಗುತ್ತವೆ. ಕೇಳುವುದು ತಪ್ಪಲ್ಲ. ಆದರೆ ಮಾತೆಲ್ಲ ಎಷ್ಟು ಎಕರೆ, ಯಾವ ಊರ ಪಕ್ಕ ಅನ್ನುವಲ್ಲಿಗೇ ನಿಲ್ಲುತ್ತದೆ. ಅಲ್ಲಿಗೆ ವಿಮಾನ ಓಡಿಸುವವರು ಯಾರು, ಅವರ ಖರ್ಚು ಹೇಗೆ ಗಿಟ್ಟುತ್ತದೆ ಅನ್ನುವ ಸುದ್ದಿಯೇ ಇಲ್ಲ. ಸಣ್ಣ ಊರಿಗೆ ವಿಮಾನ ಓಡಿಸುವ ಪ್ರಯೋಗವನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದವರು ನಮ್ಮ ರಾಜ್ಯದವರೇ, ಹಾಸನ ಜಿಲ್ಲೆ ಗೊರೂರಿನ ಜಿ.ಆರ್. ಗೋಪಿನಾಥ್.

ಅವರ ಹಿನ್ನೆಲೆ ಬಹಳ ಜನಕ್ಕೆ ಗೊತ್ತು. ಬಿಜಾಪುರದ ಸೈನಿಕ ಶಾಲೆ, ಸೇನೆ, 1971ರ ಯುದ್ಧ, ಕ್ಯಾಪ್ಟನ್ ಹುದ್ದೆ ಬಿಟ್ಟು ಊರಿಗೆ ವಾಪಸ್. ಹೇಮಾವತಿ ಅಣೆಕಟ್ಟೆಯಲ್ಲಿ ಮುಳುಗಿದ ಜಮೀನಿನ ಬದಲಿಗೆ ಜಾವಗಲ್ ಕಡೆ ಸಿಕ್ಕ ಬರಡು ನೆಲದಲ್ಲಿ ತೆಂಗು, ರೇಷ್ಮೆ. ಆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯ ಮನ್ನಣೆಯೂ ಸಿಕ್ಕಿತು. ಆಮೇಲೆ ಸೇನೆಯ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಜತೆ ಸೇರಿ ಹೆಲಿಕಾಪ್ಟರ್ ಬಾಡಿಗೆ ಕಂಪನಿ, 1997ರಿಂದ ಹಾರಾಟ. ಅದು ಗಂಟೆಗಿಷ್ಟು ಎಂದು ಬಾಡಿಗೆ ಎಣಿಸಿಕೊಳ್ಳುವ ವ್ಯವಹಾರ. ಸೀಟು ಖಾಲಿ ಹೋದರೂ ಬಾಡಿಗೆ ಪೂರ್ತಿ ಬರುತ್ತದೆ. ನಿಗದಿತ ವೇಳೆಯ ವಿಮಾನದಲ್ಲಿ ಆ ಸುಖ ಇಲ್ಲ.

ಆಗಸ್ಟ್ 2003ರಲ್ಲಿ ಗೋಪಿನಾಥರ ವಿಮಾನ ಕಂಪನಿ ಏರ್ ಡೆಕ್ಕನ್ ಬಂತು. 48 ಸೀಟಿನ ಎಟಿಆರ್ 42 ವಿಮಾನ, ಬೆಂಗಳೂರು–ಹುಬ್ಬಳ್ಳಿಯಂಥ ಮಾರ್ಗಗಳು. ಊಟ ಬೇಕಾದರೆ ದುಡ್ಡು ಕೊಡಿ, ಬಿಸಿನೆಸ್ ಕ್ಲಾಸ್ ಇಲ್ಲ, ಟಿಕೆಟ್ ಇಂಟರ್ನೆಟ್‌ನಲ್ಲಿ. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಲಾಂಛನ. ನಿಂತು ಹೋಗಿದ್ದ ಎಷ್ಟೋ ಸಣ್ಣ ನಿಲ್ದಾಣಗಳು ಅವರಿಂದ ಬಾಗಿಲು ತೆರೆದವು.

ಏರ್ ಡೆಕ್ಕನ್ ಕೆಲವು ಸೀಟುಗಳನ್ನು ಬರೀ ಒಂದು ರೂಪಾಯಿಗೆ ಮಾರುತ್ತಿತ್ತು. ಆ ಟಿಕೆಟ್‌ನಿಂದಲೇ ಕಂಪನಿ ಮುಳುಗಿತು ಅಂತ ಇವತ್ತಿಗೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಊಹೆಯ ಅಂಕಿಗಳಲ್ಲೇ ಲೆಕ್ಕ ಹಾಕಿ. ಒಂದು ಸಲ ಹಾರಲು ಖರ್ಚು 90,000 ರೂಪಾಯಿ, ಸೀಟು 48. ಒಂದು ರೂಪಾಯಿಗೆ 4 ಸೀಟು, 1,000ಕ್ಕೆ 14, 2,200ಕ್ಕೆ 16, ಕೊನೆ ಗಳಿಗೆಯವರಿಗೆ 3,500ಕ್ಕೆ 14. ಒಟ್ಟು 98,204. ಲಾಭ ಬಂತು. ಆ ನಾಲ್ಕು ಸೀಟು ಜಾಹೀರಾತಿನ ಖರ್ಚು ಅಷ್ಟೇ, ಪೇಪರಿನಲ್ಲಿ ಅರ್ಧ ಪುಟ ಹಾಕಿಸುವುದಕ್ಕಿಂತ ಅಗ್ಗ. ಈಗ ಕೊನೆಯ 14 ಸೀಟು ಮಾರಾಟವಾಗಲಿಲ್ಲ ಅನ್ನಿ. ಕೈಗೆ ಬರುವುದು 49,204. ಖರ್ಚಿನ ಅರ್ಧಕ್ಕಿಂತ ತುಸು ಹೆಚ್ಚು. ಕಂಪನಿ ಉಳಿಯುವುದು, ಮುಳುಗುವುದು ಆ ಹದಿನಾಲ್ಕು ಜನರ ಮೇಲೆ, ಅಂದರೆ ನಾಳೆ ಬೆಳಿಗ್ಗೆ ಹೋಗಲೇಬೇಕು, ರೇಟು ಎಷ್ಟಾದರೂ ಸರಿ ಅನ್ನುವವರ ಮೇಲೆ. ಅಂಥವರು ವಾರಕ್ಕೆ ಎಷ್ಟು ಮಂದಿ ಸಿಗುತ್ತಾರೆ ಅನ್ನುವುದೇ ಯಾವುದೇ ಊರಿನ ವಿಮಾನದ ಹಣೆಬರಹ.

ಸಣ್ಣ ವಿಮಾನದಿಂದ ಶುರು ಮಾಡಿದ್ದಕ್ಕೂ ಕಾರಣ ಇತ್ತು. ಎಟಿಆರ್‌ಗೆ ಸಾವಿರದ ಇನ್ನೂರು–ಮುನ್ನೂರು ಮೀಟರ್ ರನ್‌ವೇ ಸಾಕು. ಆ ವರ್ಷಗಳಲ್ಲಿ 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕ ಇರಲಿಲ್ಲ. ಅದರ ಇಂಧನದ ಮಾರಾಟ ತೆರಿಗೆ ಆಗ ಶೇ 4 ಇತ್ತು. ದೊಡ್ಡ ಜೆಟ್‌ಗೆ ಹಲವು ರಾಜ್ಯಗಳು ಶೇ 20ರ ಮೇಲೆ ಹಾಕುತ್ತಿದ್ದವು.

ಲೆಕ್ಕ ಕೆಟ್ಟದ್ದು ವೇಳಾಪಟ್ಟಿಯಲ್ಲಿ. ಇಂಥ ವಿಮಾನ ದಿನಕ್ಕೆ ಎಂಟು ಸಲ ಹಾರಿದರೇ ಖರ್ಚು ಗಿಟ್ಟುವುದು. ಇಳಿದ ಮೇಲೆ ಜನ ಇಳಿಸಿ, ಗುಡಿಸಿ, ಇಂಧನ ನೋಡಿ, ಹತ್ತಿಸಿಕೊಂಡು ಮತ್ತೆ ಹೊರಡಲು ಇಪ್ಪತ್ತು–ಮೂವತ್ತು ನಿಮಿಷ. ಬೆಳಿಗ್ಗೆ ಮಂಜು ಕವಿದು ಮೊದಲ ಹಾರಾಟ ಮುಕ್ಕಾಲು ಗಂಟೆ ತಡವಾದರೆ ಅದು ಸಂಜೆವರೆಗೂ ಬೆನ್ನು ಬಿಡುವುದಿಲ್ಲ. ಸಣ್ಣ ನಿಲ್ದಾಣಗಳಲ್ಲಿ ರಾತ್ರಿ ಇಳಿಯಲು ದೀಪದ ವ್ಯವಸ್ಥೆ ಇರುತ್ತಿರಲಿಲ್ಲ. ಹಾಗಾಗಿ ಬೆಳಗಿನ ಮುಕ್ಕಾಲು ಗಂಟೆ ಸಂಜೆಯ ಹಾರಾಟವನ್ನೇ ರದ್ದು ಮಾಡಿಸುತ್ತಿತ್ತು. ಬದಲಿಗೆ ನಿಲ್ಲಿಸಲು ಹೆಚ್ಚುವರಿ ವಿಮಾನ ಬೇಕು, ಅದಕ್ಕೆ ಹಣ ಬೇಕು. ಜನ ಬೈದದ್ದು ಕಂಪನಿಯನ್ನು. ತಪ್ಪಿನಲ್ಲಿ ನಿಲ್ದಾಣಗಳ ಪಾಲೂ ಇತ್ತು.

ಗೋಪಿನಾಥರ ನಿಜವಾದ ಎಡವಟ್ಟು, ನನ್ನ ಪ್ರಕಾರ, ಎಟಿಆರ್ ಜತೆಗೇ 180 ಸೀಟಿನ ಏರ್‌ಬಸ್ ಎ320ಗಳನ್ನು ತಂದು ಒಂದೇ ಉಸಿರಿಗೆ ಅರವತ್ತಕ್ಕೂ ಹೆಚ್ಚು ಊರಿಗೆ ಹರಡಿದ್ದು. ಎಟಿಆರ್ ಪೈಲಟ್ ಎ320 ಹಾರಿಸುವಂತಿಲ್ಲ, ಅದಕ್ಕೆ ಪ್ರತ್ಯೇಕ ತರಬೇತಿ, ಪರವಾನಗಿ. ಮೆಕ್ಯಾನಿಕ್ ಬೇರೆ, ಬಿಡಿಭಾಗಗಳ ಗೋದಾಮು ಬೇರೆ. ಒಂದು ಕೆಟ್ಟರೆ ಇನ್ನೊಂದು ಆಗಿಬರುವುದಿಲ್ಲ. ಅದೇ ಹೊತ್ತಿಗೆ, 2005–06ರಲ್ಲಿ, ಕಿಂಗ್‌ಫಿಷರ್, ಸ್ಪೈಸ್‌ಜೆಟ್, ಗೋಏರ್, ಇಂಡಿಗೋ ಒಂದರ ಹಿಂದೆ ಒಂದು ಬಂದವು. ಪೈಲಟ್‌ಗಳಿಗೆ ಬರ, ಸಂಬಳ ಮೇಲಕ್ಕೆ, ಟಿಕೆಟ್ ದರ ಕೆಳಕ್ಕೆ. ಮೇ 2006ರಲ್ಲಿ ಏರ್ ಡೆಕ್ಕನ್ ಷೇರು ಮಾರಾಟಕ್ಕೆ ಇಟ್ಟಾಗ ಮಾರುಕಟ್ಟೆ ಕುಸಿದಿತ್ತು, ಷೇರು ವಹಿವಾಟು ಶುರುವಾದದ್ದೇ ಹಂಚಿದ ಬೆಲೆಗಿಂತ ಕೆಳಗೆ. 2007ರಲ್ಲಿ ಶೇ 26 ಪಾಲು ಕಿಂಗ್‌ಫಿಷರ್ ಒಡೆಯ ವಿಜಯ್ ಮಲ್ಯರ ಯುಬಿ ಗುಂಪಿಗೆ 550 ಕೋಟಿಗೆ ಹೋಯಿತು.

ಮಲ್ಯ ಕೊಂಡದ್ದು ಬರೀ ವಿಮಾನಗಳನ್ನಲ್ಲ, ವಯಸ್ಸನ್ನು ಕೂಡ. ವಿದೇಶಕ್ಕೆ ಹಾರಬೇಕಾದರೆ ಐದು ವರ್ಷ ದೇಶದೊಳಗೆ ಹಾರಿರಬೇಕು, 20 ವಿಮಾನ ಇರಬೇಕು ಅನ್ನುವ ನಿಯಮ ಆಗ ಇತ್ತು. ಕಿಂಗ್‌ಫಿಷರ್‌ಗೆ 2010ರವರೆಗೆ ಕಾಯಬೇಕಿತ್ತು, ಡೆಕ್ಕನ್‌ಗೆ ಆಗಸ್ಟ್ 2008ಕ್ಕೇ ಐದು ತುಂಬಿತು. ಸೆಪ್ಟೆಂಬರ್‌ನಲ್ಲಿ ಲಂಡನ್ ವಿಮಾನ ಹೊರಟಿತು. ಡೆಕ್ಕನ್ ಹೆಸರು ಕಿಂಗ್‌ಫಿಷರ್ ರೆಡ್ ಆಗಿ 2011ರಲ್ಲಿ ಮುಚ್ಚುವ ಘೋಷಣೆ ಬಂತು, 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಕೂಡ ನಿಂತಿತು. ಆಮೇಲೆ ಗೋಪಿನಾಥರ ಸರಕು ವಿಮಾನ ಕಂಪನಿ ಡೆಕ್ಕನ್ 360 ಕೂಡ ಉಳಿಯಲಿಲ್ಲ. ಸಣ್ಣ ಊರಿಗೆ ವಿಮಾನ ಓಡಿಸಲು ಕೇಂದ್ರ ಸರ್ಕಾರ ನೆರವು ಕೊಡುವ ಉಡಾನ್ ಯೋಜನೆಯಡಿ ಡಿಸೆಂಬರ್ 2017ರಲ್ಲಿ ಪುಟ್ಟ ಬೀಚ್‌ಕ್ರಾಫ್ಟ್ ವಿಮಾನಗಳೊಂದಿಗೆ ಏರ್ ಡೆಕ್ಕನ್ ಹೆಸರು ಮತ್ತೆ ಕಾಣಿಸಿ, 2020ರ ಕೊರೊನಾದಲ್ಲಿ ನಿಂತಿತು. ಹದಿನೆಂಟು ಸೀಟಿನಲ್ಲಿ ನಾಲ್ಕು ಖಾಲಿ ಹೋದರೆ ಏನುಳಿಯುತ್ತದೆ, ನೀವೇ ಹೇಳಿ.

ಇಂಡಿಗೋ ಮಾಡಿದ್ದು ತಲೆಕೆಳಗು. 2005ರಲ್ಲಿ ಒಂದೇ ಬಗೆಯ 100 ಎ320ಗೆ ಆರ್ಡರ್, ಕೈಗೆ ಬಂದೊಡನೆ ಮಾರಿ ಅದನ್ನೇ ಲೀಸ್‌ಗೆ ಪಡೆಯುವುದು, ದೊಡ್ಡ ಊರುಗಳಲ್ಲಿ ಕಾಲೂರುವುದು. ಎಟಿಆರ್ ಮುಟ್ಟಿದ್ದು 2017ರಲ್ಲಿ, ಕಂಪನಿ ಹಾರಾಟಕ್ಕೆ ಹನ್ನೊಂದು ವರ್ಷವಾದ ಮೇಲೆ. ಆಗಸ್ಟ್ 31, 2023ರಂದು ಶಿವಮೊಗ್ಗಕ್ಕೆ ಬೆಂಗಳೂರಿನಿಂದ ಬಂದದ್ದು ಅಂಥದೇ ಎಟಿಆರ್. ನಿಲ್ದಾಣದ ರನ್‌ವೇ 3,200 ಮೀಟರ್, ಬಂದ ವಿಮಾನಕ್ಕೆ ಅದರ ಅರ್ಧವೂ ಬೇಡ!

ಈಗ ನಮ್ಮೂರಿಗೆ ಬನ್ನಿ. ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್ ಆಸುಪಾಸು. ವಂದೇ ಭಾರತ್ ಇದೆ, ಹೆದ್ದಾರಿ ಇದೆ, ದೇವನಹಳ್ಳಿಗೆ ಹೋಗುವವರು ದಾಬಸ್‌ಪೇಟೆ–ದೊಡ್ಡಬಳ್ಳಾಪುರದ ಮೇಲೆ ಊರೊಳಗೆ ಸಿಕ್ಕಿಕೊಳ್ಳದೆ ತಲುಪುತ್ತಾರೆ. ನಿಲ್ದಾಣಕ್ಕೆ ಒಂದು ಗಂಟೆ ಮೊದಲೇ ಹೋಗಿ, ತಪಾಸಣೆ ಮುಗಿಸಿ, ಇಳಿದು ಟ್ಯಾಕ್ಸಿ ಹಿಡಿಯುವಷ್ಟರಲ್ಲಿ ಬೆಂಗಳೂರು ವಿಮಾನದಿಂದ ಉಳಿಯುವ ಸಮಯ ಅಷ್ಟಕ್ಕಷ್ಟೆ. ಇತ್ತ ಶಿವಮೊಗ್ಗ, ಅತ್ತ ಹುಬ್ಬಳ್ಳಿ ನಮ್ಮದೇ ಪ್ರಯಾಣಿಕರನ್ನು ಹಂಚಿಕೊಳ್ಳುತ್ತವೆ. (ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ರನ್‌ವೇ ಇದೆಯಲ್ಲ ಅಂತ ಕೇಳಬೇಡಿ. ಅಲ್ಲಿ ಇಸ್ರೊ ತನ್ನ ಮರುಬಳಕೆ ಉಡಾವಣಾ ವಾಹನದ ಮಾದರಿಯನ್ನು ಮೂರು ಸಲ ಇಳಿಸಿದೆ. ಅದು ಪ್ರಯೋಗದ ಜಾಗ, ಟಿಕೆಟ್ ಸಿಗುವುದಿಲ್ಲ.)

ಹಾಗಾಗಿ ಬೇಡಿಕೆ ಇಡುವುದಾದರೆ ಮುಂಬೈ, ಹೈದರಾಬಾದ್ ವಿಮಾನಕ್ಕೆ ಇಡಿ. ಮನವಿ ಪತ್ರದ ಜತೆ ಲಗತ್ತಿಸಬೇಕಾದದ್ದು ಜಮೀನಿನ ನಕ್ಷೆಗಿಂತ ಮುಂಚೆ ಇನ್ನೊಂದು ಪಟ್ಟಿ: ಬಟ್ಟೆ ವ್ಯಾಪಾರಿಗಳು, ಅಡಿಕೆ ಮತ್ತು ಮೆಕ್ಕೆಜೋಳದ ವರ್ತಕರು, ವೈದ್ಯಕೀಯ ಕಾಲೇಜುಗಳು ತಿಂಗಳಿಗೆ ಆ ಎರಡು ಊರಿಗೆ ಎಷ್ಟು ಟಿಕೆಟ್ ತೆಗೆಸುತ್ತವೆ, ಅದರಲ್ಲಿ ಹಿಂದಿನ ದಿನ ತೆಗೆಸಿದ್ದು ಎಷ್ಟು. ರನ್‌ವೇಗೆ ಎಷ್ಟು ಉದ್ದ ಅಂತ ಆಮೇಲೆ ಜಗಳಾಡೋಣ, ಮೊದಲ ದಿನದಿಂದಲೇ ರಾತ್ರಿ ಇಳಿಯುವ ದೀಪ ಇರಬೇಕೆಂದು ಮಾತ್ರ ಈಗಲೇ ಬರೆಸಿ.