ಘಾಜಿ ಬೆನ್ನಟ್ಟಿದ ರಜಪೂತ್ ಈ ಫೋಟೋದಲ್ಲಿರುವ ಹಡಗಲ್ಲ

‘1971ರಲ್ಲಿ ಪಾಕಿಸ್ತಾನದ ಘಾಜಿ ಸಬ್‌ಮರೀನ್ ಮುಳುಗಿಸಿದ ಐಎನ್‌ಎಸ್ ರಜಪೂತ್ ಇದೇ, 2021ರಲ್ಲಿ ನಿವೃತ್ತಿಯಾಯ್ತು’ ಅಂತ ಒಂದು ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಫೋಟೋದಲ್ಲಿ ಹಡಗಿನ ಮೈಮೇಲೆ ಡಿ51 ಅಂತ ಬರೆದಿದೆ, ನೋಡಿ. ಅದು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಹಡಗು. ನೌಕಾಪಡೆಗೆ ಸೇರಿದ್ದೇ 1980ರ ಮೇ 4ರಂದು. ಯುದ್ಧ ಮುಗಿದು ಎಂಟು ವರ್ಷ ದಾಟಿತ್ತು, ಅಲ್ವಾ?

1971ರ ರಜಪೂತ್ ಬೇರೆ. ಅದು ಎರಡನೇ ಮಹಾಯುದ್ಧ ಕಂಡ ಬ್ರಿಟನ್ನಿನ ರೋದರ್‌ಹ್ಯಾಮ್ ಎಂಬ ಹಡಗು. 1949ರಲ್ಲಿ ನಮಗೆ ಬಂತು. ಡಿಸೆಂಬರ್ 3ರ ನಡುರಾತ್ರಿ ವಿಶಾಖಪಟ್ಟಣದಿಂದ ಹೊರಟು ನೀರೊಳಗೆ ಸಿಡಿಯುವ ಬಾಂಬ್ ಹಾಕಿದ್ದು ಈ ಹಳೇ ಹಡಗೇ. ಘಾಜಿ ಮುಳುಗಿದ್ದು ಅದರಿಂದಲೇ ಎಂದು ನಮ್ಮ ನೌಕಾಪಡೆ ಹೇಳುತ್ತದೆ, ಪಾಕಿಸ್ತಾನ ಒಪ್ಪುವುದಿಲ್ಲ.

ಹಳೇ ಹಡಗಿನ ಹೆಸರನ್ನು ಹೊಸದಕ್ಕೆ ಇಡುವುದು ನೌಕಾಪಡೆಯ ರೂಢಿ. ಗೊಂದಲ ಅಲ್ಲೇ ಆಗಿದೆ. ಆ ರಾತ್ರಿ ಹಳೇ ರಜಪೂತ್‌ನಲ್ಲಿದ್ದವರ ಶ್ರಮ ಅವರ ಹಡಗಿನ ಲೆಕ್ಕಕ್ಕೇ ಸೇರಬೇಕು. ದಯವಿಟ್ಟು ಈ ಫೋಟೋ ಫಾರ್ವರ್ಡ್ ಮಾಡಬೇಡಿ.