ಪರ-ವಿರೋಧ: ಕುರಿ ಮಂದೆಯ ಲಾಭ ಸಂಖ್ಯಾಶಾಸ್ತ್ರದ ಮಾದರಿಗೆ ಸಿಗುತ್ತದೆಯೇ?

ಪರ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಕುರಿಗಾರರನ್ನು ಲಾಭ ಎಷ್ಟೆಂದು ಕೇಳಿದರೆ ಟಗರು ಮಾರಿದ ದುಡ್ಡು ಹೇಳುತ್ತಾರೆ. ಅದು ಲಾಭವೇ ಅಲ್ಲ. ಬರಗಾಲದಲ್ಲಿ ಅರ್ಧ ಮಂದೆ ಮಾರಿಕೊಂಡವರೂ ಆ ವರ್ಷ ಭಾರಿ ಗಳಿಸಿದಂತೆ ಕಾಣುತ್ತದೆ. ಹಾಗಾಗಿ ವರ್ಷದ ಮೊದಲು ಮತ್ತು ಕೊನೆಗೆ ಇದ್ದ ಕುರಿಗಳಿಗೆ ಬೆಲೆ ಕಟ್ಟಿ, ಏರಿದ್ದನ್ನು ಆದಾಯಕ್ಕೆ ಕೂಡಿಸಬೇಕು, ಇಳಿದಿದ್ದನ್ನು ಕಳೆಯಬೇಕು. ಆಮೇಲೆ ಮೇವು, ಔಷಧ, ಕೂಲಿ ತೆಗೆದು ತಾಯಿ ಕುರಿಗಳ ಸಂಖ್ಯೆಯಿಂದ ಭಾಗಿಸಬೇಕು. ಇದು ಬಿಟ್ಟು ಒಟ್ಟು ಲಾಭವನ್ನೇ ರಿಗ್ರೆಷನ್‌ಗೆ (ಯಾವ ಕಾರಣದಿಂದ ಫಲ ಎಷ್ಟು ಬದಲಾಗುತ್ತದೆ ಎಂದು ಅಳೆಯುವ ಮಾದರಿಗೆ) ಹಾಕಿದರೆ 'ದೊಡ್ಡ ಮಂದೆಗೆ ದೊಡ್ಡ ಲಾಭ' ಎಂಬ ಉತ್ತರ ಬರುತ್ತದೆ. ಅದಕ್ಕೆ ಕಂಪ್ಯೂಟರ್ ಯಾಕೆ?

ಲಾಭ ಏರಿಳಿಯುವ ಕಾರಣಗಳೆಂದು ಮಾದರಿಗೆ ಹಾಕಲು ಮೂರು ತಿಂಗಳು ದಾಟಿದ ಮರಿಗಳ ಪ್ರಮಾಣ, ಕೊಂಡ ಮೇವು, ಗಂಗಾವತಿ-ಸಿಂಧನೂರಿನ ಭತ್ತದ ಕೂಳೆಯಲ್ಲಿ ಮೇಯ್ದ ದಿನಗಳು ಸಾಕು. ಮಂದೆಯ ಗಾತ್ರ, ಕೂಲಿ ಎರಡೂ ಜೊತೆಯಾಗಿ ಏರುತ್ತವೆ. ಎರಡನ್ನೂ ತುರುಕಿದರೆ ಗುಣಾಂಕದ (ಒಂದು ಕಾರಣ ಲಾಭವನ್ನು ಎಷ್ಟು ಏರಿಸುತ್ತದೆ, ಇಳಿಸುತ್ತದೆ ಎಂಬ ಅಂಕಿಯ) ಚಿಹ್ನೆಯೇ ತಿರುಗಿ ಪ್ಲಸ್ ಇರಬೇಕಾದ್ದು ಮೈನಸ್ ಆಗಬಹುದು. ಒಂದೇ ಮಂದೆಯ ಮೂರು ವರ್ಷದ ಲೆಕ್ಕವನ್ನು ಮೂರು ಮಂದೆ ಎಂದು ಎಣಿಸುವುದು ಇನ್ನೊಂದು ಎಡವಟ್ಟು. ಆಯಾ ಮಂದೆಯ, ಆಯಾ ವರ್ಷದ ವಿಶೇಷ ಪರಿಣಾಮಕ್ಕೆ ಮಾದರಿಯಲ್ಲಿ ಬೇರೆ ಬೇರೆ ಜಾಗ ಕೊಡಲೇಬೇಕು.

ಫಲ ಏನು? ನೂರು ತಾಯಿ ಕುರಿಗೆ 90 ಮರಿ ಹುಟ್ಟಿದವು ಎನ್ನಿ. 20 ಸತ್ತರೆ ಉಳಿಯುವುದು 70, ಹತ್ತೇ ಸತ್ತರೆ 80. ಮರಿಗೆ 6,000 ರೂಪಾಯಿ ಹಿಡಿದರೂ ವ್ಯತ್ಯಾಸ 60,000. ಮಳೆಗಾಲಕ್ಕೆ ಮುಂಚೆ ಕರುಳು ಬೇನೆಯ ಲಸಿಕೆ, ಮೂರು ವರ್ಷಕ್ಕೊಮ್ಮೆ ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್ ಎನ್ನುವ ವೈರಸ್ ರೋಗ) ಲಸಿಕೆ, ಇದರ ಖರ್ಚು ಅದರ ಮುಂದೆ ಯಾವ ಲೆಕ್ಕ? ಲಾಭ ನುಂಗುವುದು ಮೇವೋ ಮರಿ ಸಾವೋ ಎಂಬುದನ್ನು ಬೇರ್ಪಡಿಸಿ ತೋರಿಸುವುದು ಮಾದರಿಯೊಂದೇ. ಎಲ್ಲವೂ ಕುರಿಗಾರನ ತಲೆಯಲ್ಲೇ ಇದೆ ಎನ್ನುವವರಿಗೆ ದಾಖಲೆ ಪುಸ್ತಕ ಬರೆಯಲು ಬೇಸರ, ಅಷ್ಟೇ.

ವಿರೋಧ

ಲಸಿಕೆಯ ಲೆಕ್ಕಕ್ಕೆ ತಕರಾರಿಲ್ಲ. ಆದರೆ ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಿದ್ದಕ್ಕೆ ರೈತರು ಒಮ್ಮೆ ಜೋಳ ಕೊಡುತ್ತಾರೆ, ಒಮ್ಮೆ ದುಡ್ಡು, ಒಮ್ಮೆ ಬರೀ ಊಟ. ಒಂದೇ ಮಂದೆಯಲ್ಲಿ ಅಣ್ಣತಮ್ಮಂದಿರ, ಬೀಗರ ಕುರಿಗಳೂ ಸೇರಿರುತ್ತವೆ. ಲಾಭ ಯಾರದೆಂದು ಬರೆಯುವುದು? ಮನೆಯವರ ದುಡಿಮೆಗೆ ದಿನಗೂಲಿ ಹಿಡಿದರೆ ಮಂದೆ ನಷ್ಟಕ್ಕೆ ಇಳಿಯುತ್ತದೆ, ಬಿಟ್ಟರೆ ಲಾಭಕ್ಕೆ ಏರುತ್ತದೆ. ಇದನ್ನು ನಿರ್ಧರಿಸುವುದು ಕುರಿಯಲ್ಲ, ಲೆಕ್ಕ ಬರೆಯುವವರು.

ಸಮೀಕ್ಷೆಗೆ ಹೋದಾಗ ಸಿಗುವವರು ಊರಲ್ಲೇ ಉಳಿದವರು. ಅಲೆಯುವವರು ನೀರಾವರಿ ಗದ್ದೆಗಳಲ್ಲಿರುತ್ತಾರೆ. ಕುರಿ ಕಳೆದುಕೊಂಡು ಕಸುಬು ಬಿಟ್ಟವರು ಪಟ್ಟಿಯಲ್ಲೇ ಇಲ್ಲ. ಹೀಗೆ ಬಂದ ಆರ್-ಸ್ಕ್ವೇರ್ ಅನ್ನು (ಮಾದರಿ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆಯನ್ನು) ಕುರಿ ಮೂಸಿಯೂ ನೋಡದು. ಒಳ್ಳೆ ವರ್ಷದ ಗುಣಾಂಕ ನಂಬಿ ಟಗರು ಹಿಡಿದಿಟ್ಟುಕೊಂಡವರು, ಮಳೆ ಕೈಕೊಟ್ಟರೆ ಸಂತೆಯಲ್ಲಿ ಕೇಳಿದಷ್ಟಕ್ಕೆ ಬಿಟ್ಟು ಬರಬೇಕಾಗುತ್ತದೆ.